ಶಾಲು–ಹಾರವಿಲ್ಲದ ಪ್ರಶಸ್ತಿಗಳು

ಮೂಳೆ ಡಾಕ್ಟರು ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ದೃಢಕಾಯದ ಗಂಡಸು. ಅಮೆರಿಕದಲ್ಲೂ ಹಾಗೆಯೇ. ಅಲ್ಲಿನ ಮೂಳೆ ಶಸ್ತ್ರವೈದ್ಯರ ಅಕಾಡೆಮಿ ಹುಟ್ಟಿದ್ದು 1933ರಲ್ಲಿ. ಆ ಕೆಲಸದಲ್ಲಿದ್ದ ಗಂಡಸರಿಗೆ ಸದಸ್ಯತ್ವ ಸಲೀಸಾಗಿ ಸಿಕ್ಕಿತು. ಡಲ್ಲಾಸ್‌ನಲ್ಲಿ ಆಗಲೇ ಸ್ವಂತ ಕ್ಲಿನಿಕ್ ನಡೆಸುತ್ತಿದ್ದ ರೂತ್ ಜಾಕ್ಸನ್ ಅವರಿಗೆ ಮಾತ್ರ ಮೊದಲು ತಜ್ಞವೈದ್ಯರಿಗೆ ಮಾನ್ಯತೆ ನೀಡುವ ಬೋರ್ಡ್‌ನ ಪರೀಕ್ಷೆ ಪಾಸಾಗಿ ಬನ್ನಿ ಎಂಬ ಷರತ್ತು. ರೂತ್ ಪರೀಕ್ಷೆಗೆ ಕೂತರು, ಪಾಸಾದರು. 1937ರಲ್ಲಿ ಅಕಾಡೆಮಿಯ ಮೊದಲ ಮಹಿಳಾ ಸದಸ್ಯೆಯೂ ಆದರು. ಕುತ್ತಿಗೆ ನೋವಿನ ಬಗ್ಗೆ 1956ರಲ್ಲಿ ಅವರು ಬರೆದ ಪುಸ್ತಕವನ್ನು ವೈದ್ಯರು ಬಹುಕಾಲ ಓದಿದರು. ಕುತ್ತಿಗೆಗೆ ಆಸರೆಯಾಗುವ ದಿಂಬೊಂದನ್ನೂ ಅವರು ರೂಪಿಸಿದ್ದರು.

ಕಪ್ಪು ಜನಾಂಗದ ವೈದ್ಯರು ಇನ್ನೂ ಕಾಯಬೇಕಾಯಿತು. ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯದ ಜೆ. ರಾಬರ್ಟ್ ಗ್ಲಾಡನ್ 1949ರಲ್ಲಿ ಬೋರ್ಡ್ ಮಾನ್ಯತೆ ಪಡೆದರು, ಅಕಾಡೆಮಿಯ ಬಾಗಿಲು ತೆರೆದದ್ದು 1951ರಲ್ಲಿ. ಆ ಜನಾಂಗದಿಂದ ಎರಡಕ್ಕೂ ಅವರೇ ಮೊದಲಿಗರು.

ಈ ಇಬ್ಬರ ಹೆಸರಿನಲ್ಲಿ ಇಂದು ಎರಡು ಸಂಘಗಳಿವೆ. ರೂತ್ ಜಾಕ್ಸನ್ ಆರ್ಥೊಪೆಡಿಕ್ ಸೊಸೈಟಿ 1983ರಲ್ಲಿ ಆರಂಭವಾಯಿತು, ರೂತ್ ಆಗಿನ್ನೂ ಬದುಕಿದ್ದರು. ಗ್ಲಾಡನ್ ಸೊಸೈಟಿ 1998ರದು. ಇಂಥ ಸಂಘಗಳು ಯಾಕೆ ಬೇಕು ಎನ್ನುವವರು ಒಂದು ಲೆಕ್ಕ ನೋಡಬೇಕು. ಅಕಾಡೆಮಿಯದೇ 2018ರ ಗಣತಿಯ ಪ್ರಕಾರ ನೂರು ಮೂಳೆ ಶಸ್ತ್ರವೈದ್ಯರಲ್ಲಿ ಮಹಿಳೆಯರು ಆರಕ್ಕಿಂತ ಕಡಿಮೆ, ಕಪ್ಪು ಜನಾಂಗದವರು ಸುಮಾರು ಎರಡು. ಅದೇ ಹೊತ್ತಿಗೆ ಅಲ್ಲಿನ ವೈದ್ಯಕೀಯ ಕಾಲೇಜುಗಳಲ್ಲಿ ಅರ್ಧದಷ್ಟು ಹುಡುಗಿಯರೇ ಇದ್ದರು. ಅಕಾಡೆಮಿಗೆ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಕ್ರಿಸ್ಟಿ ವೆಬರ್ ಬಂದದ್ದು 2019ರಲ್ಲಿ.

ಪ್ರಶಸ್ತಿ ಎಂದರೆ ನಮ್ಮಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ಅದೂ ಸಾಮಾನ್ಯವಾಗಿ ನಿವೃತ್ತಿಯ ಅಂಚಿನಲ್ಲಿ. ಈ ಸಂಘಗಳು ಹಣ ಹಾಕುವುದು ಬಹುಪಾಲು ಇನ್ನೂ ಹೆಸರು ಮಾಡದವರ ಮೇಲೆ. ವೈದ್ಯಕೀಯ ವಿದ್ಯಾರ್ಥಿಗಳಿಗೆ ವಾರ್ಷಿಕ ಸಮ್ಮೇಳನಕ್ಕೆ ಬಂದುಹೋಗಲು ನೆರವು, ತಜ್ಞ ತರಬೇತಿಯಲ್ಲಿರುವ ವೈದ್ಯರಿಗೆ, ಅಂದರೆ ರೆಸಿಡೆಂಟ್‌ಗಳಿಗೆ, ಸಂಶೋಧನಾ ಪ್ರಶಸ್ತಿ, ಯುವ ಸರ್ಜನ್‌ಗಳಿಗೆ ಬೇರೆ ಆಸ್ಪತ್ರೆಗಳಿಗೆ ಹೋಗಿ ಹಿರಿಯರ ಕೈಚಳಕ ನೋಡಿಬರಲು ಪ್ರಯಾಣ ಫೆಲೋಶಿಪ್. ಅಮೆರಿಕದಲ್ಲಿ ಮೂಳೆ ವಿಭಾಗದ ಐದು ವರ್ಷದ ರೆಸಿಡೆನ್ಸಿ ಸೀಟಿಗೆ ಭಾರಿ ಪೈಪೋಟಿ. ಅಂಕದಷ್ಟೇ ತೂಕ ಶಿಫಾರಸು ಪತ್ರಕ್ಕೂ ಇದೆ. ಆ ಪತ್ರಕ್ಕಾಗಿ ವಿದ್ಯಾರ್ಥಿಗಳು ಕೈಯಿಂದ ಖರ್ಚು ಹಾಕಿಕೊಂಡು ದೂರದ ಊರಿನ ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ದುಡಿಯುತ್ತಾರೆ. ಮನೆಯಲ್ಲೇ ಡಾಕ್ಟರಿದ್ದವರಿಗೆ ಇದರ ಒಳದಾರಿಗಳು ಗೊತ್ತು. ಉಳಿದವರಿಗೆ ಹೇಳಿಕೊಡುವವರು ಯಾರು?

ಸದಸ್ಯತ್ವದ ನಿಜವಾದ ಲಾಭ ಇಲ್ಲಿದೆ. ಪ್ರತಿ ವಿದ್ಯಾರ್ಥಿಗೂ ಒಬ್ಬ ಹಿರಿಯ ಮಾರ್ಗದರ್ಶಿ ಸಿಗುವ ಸಾಧ್ಯತೆ. ಸಂದರ್ಶನಕ್ಕೆ ತಯಾರಿ ಹೇಗೆ, ಬೋರ್ಡ್‌ನ ಮೌಖಿಕ ಪರೀಕ್ಷೆಯಲ್ಲಿ ತಾವೇ ಮಾಡಿದ ಆಪರೇಷನ್‌ಗಳನ್ನು ಸಮರ್ಥಿಸಿಕೊಳ್ಳುವುದು ಹೇಗೆ, ಬಸುರಿಯಾಗಿದ್ದಾಗ ಎಕ್ಸ್‌ರೇ ಯಂತ್ರದ ಪಕ್ಕ ನಿಲ್ಲುವುದು ಹೇಗೆ ಎಂಬಂಥ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬಹುದು. ಎಕ್ಸ್‌ರೇಯ ಮಾತು ಸಣ್ಣದಲ್ಲ, ಬಸುರಿಯಲ್ಲದಾಗಲೂ. ವಿಕಿರಣ ತಡೆಯಲು ತೊಡುವ ಮಾಮೂಲಿ ಸೀಸದ ಏಪ್ರನ್ ಕಂಕುಳ ಹತ್ತಿರದ ಸ್ತನಭಾಗವನ್ನು ಪೂರ್ತಿ ಮುಚ್ಚುವುದಿಲ್ಲ. ಮಹಿಳಾ ಮೂಳೆ ಸರ್ಜನ್‌ಗಳಲ್ಲಿ ಸ್ತನ ಕ್ಯಾನ್ಸರ್ ಹೆಚ್ಚೆಂದು ಅಲ್ಲಿನ ಅಧ್ಯಯನಗಳು ಎಚ್ಚರಿಸಿವೆ.

ರೂತ್ ಜಾಕ್ಸನ್ ಸೊಸೈಟಿ ರೆಸಿಡೆಂಟ್‌ಗಳಿಗೆ ಕೊಡುವ ಸಂಶೋಧನಾ ಪ್ರಶಸ್ತಿಗೆ ಜಾಕ್ವೆಲಿನ್ ಪೆರ್ರಿ ಅವರ ಹೆಸರಿದೆ. ಎರಡನೇ ಮಹಾಯುದ್ಧದಲ್ಲಿ ಸೇನೆಯ ಫಿಸಿಯೋಥೆರಪಿಸ್ಟ್ ಆಗಿದ್ದ ಪೆರ್ರಿ ಆಮೇಲೆ ವೈದ್ಯಕೀಯ ಓದಿದರು, ಕ್ಯಾಲಿಫೋರ್ನಿಯಾದ ರ‍್ಯಾಂಚೊ ಲಾಸ್ ಅಮಿಗೋಸ್ ಆಸ್ಪತ್ರೆ ಸೇರಿದರು. ಪೋಲಿಯೋದಿಂದ ಕತ್ತು ನಿಲ್ಲದವರಿಗಾಗಿ ಸಹೋದ್ಯೋಗಿ ವರ್ನನ್ ನಿಕಲ್ ಜತೆಗೂಡಿ ‘ಹೇಲೋ’ ಬಳಕೆಗೆ ತಂದರು. ಅದು ತಲೆಯ ಸುತ್ತ ಕೂರುವ ಲೋಹದ ಬಳೆ. ತಲೆಬುರುಡೆಗೆ ತಿರುಪು ಹಾಕಿ ಬಿಗಿದು, ಸರಳುಗಳ ಮೂಲಕ ಎದೆಗೆ ತೊಡಿಸಿದ ಕವಚಕ್ಕೆ ಜೋಡಿಸುತ್ತಾರೆ. ನೋಡಲು ಭಯ ಹುಟ್ಟಿಸಿದರೂ ಮುರಿದ ಕತ್ತಿಗೆ ಇಂದಿಗೂ ಬಳಕೆಯಲ್ಲಿದೆ. ಅನಾರೋಗ್ಯದಿಂದ ಆಪರೇಷನ್ ಮಾಡಲಾಗದೆ ಹೋದಾಗ ಪೆರ್ರಿ ಸುಮ್ಮನೆ ಕೂರಲಿಲ್ಲ. ಮನುಷ್ಯ ನಡೆಯುವುದು ಹೇಗೆ, ಯಾವ ಸ್ನಾಯು ಯಾವ ಕ್ಷಣದಲ್ಲಿ ಎಳೆಯುತ್ತದೆ ಎಂಬುದನ್ನು ಅಳೆಯುತ್ತ ಹೋದರು. ಈ ವಿಷಯದ ಅವರ ಗ್ರಂಥ 1992ರಲ್ಲಿ ಬಂತು.

ಪೆರ್ರಿ ಹೆಸರಿನಲ್ಲೇ 2009ರಲ್ಲಿ ಶುರುವಾದ ಇನ್ನೊಂದು ಸಂಸ್ಥೆ ಹೈಸ್ಕೂಲು ಹುಡುಗಿಯರ ಕೈಗೆ ಡ್ರಿಲ್ ಕೊಟ್ಟು, ಕೃತಕ ಮೂಳೆಗೆ ಸ್ಕ್ರೂ ಕೂರಿಸುವ ಶಿಬಿರ ನಡೆಸುತ್ತದೆ. ಈ ಕೆಲಸಕ್ಕೆ ತೋಳ್ಬಲವೇ ಮುಖ್ಯ ಎಂಬ ಹಳೆಯ ನಂಬಿಕೆಗೆ ಭಾಷಣಕ್ಕಿಂತ ಇದು ಒಳ್ಳೆಯ ಉತ್ತರ.

ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ ತಳ್ಳಿಹಾಕಿತು. ಹಾಗಾಗಿ ಅರ್ಜಿ ಹಾಕುವ ಮೊದಲೇ ವಿದ್ಯಾರ್ಥಿಯನ್ನು ಅಣಿಗೊಳಿಸುವ ಈ ಕೆಲಸದ ಹೊಣೆ ಇಂಥ ಸಂಘಗಳ ಮೇಲೆ ಇನ್ನಷ್ಟು ಬಿದ್ದಿದೆ.

ರೂತ್ ಜಾಕ್ಸನ್ ಸೊಸೈಟಿಗೆ ಗಂಡಸರೂ ಸೇರಬಹುದು, ವಿದ್ಯಾರ್ಥಿಗಳೂ ಸೇರಬಹುದು. ಅಮೆರಿಕದಲ್ಲಿ ವೈದ್ಯಕೀಯ ಓದುತ್ತಿರುವ ಕನ್ನಡದ ಮನೆಮಗಳೊಬ್ಬಳು ಮೂಳೆ ಸರ್ಜನ್ ಆಗುತ್ತೇನೆ ಎಂದರೆ, ಬೇಡ ಎನ್ನುವ ಮೊದಲು ಅವಳಿಗೆ ಈ ಸಂಘದ ವಿಳಾಸ ಹುಡುಕಿಕೊಡಿ.