ಕಂಬಗಳ್ಳಿ: ಗುರುತು ಹಿಡಿದು ಬೀಜ ಬಿತ್ತುವುದು

ಅಥಣಿ, ರಾಯಬಾಗದ ಮಡ್ಡಿ ನೆಲದಲ್ಲಿ ಬೇಲಿಗೆ ನಿಂತ ಚದುರಗಳ್ಳಿಯೂ ಕಳ್ಳಿಯೇ, ನಿಪ್ಪಾಣಿ ಪೇಟೆಯ ಅಂಗಳದಲ್ಲಿ ಮಾಳಿಗೆಯೆತ್ತರ ಬೆಳೆಯುವ ಸೀರಿಯಸ್ ಕೂಡ ನಮ್ಮ ಬಾಯಲ್ಲಿ ಕಳ್ಳಿಯೇ. ಎರಡೂ ಕಂಬದಂತೆ ನೆಟ್ಟಗೆ ನಿಲ್ಲುತ್ತವೆ, ಎರಡಕ್ಕೂ ಏಣು, ಮುಳ್ಳು ಇವೆ. ಆದರೆ ಬಳಗ ಬೇರೆ. ಚದುರಗಳ್ಳಿ ಔಡಲದ ಬಳಗಕ್ಕೆ ಸೇರಿದ್ದು, ಈ ನೆಲದ್ದೇ. ಸೀರಿಯಸ್ ದಕ್ಷಿಣ ಅಮೆರಿಕದಿಂದ ಬಂದ ನಿಜವಾದ ಕ್ಯಾಕ್ಟಸ್.

ಗುರುತಿಗೆಂದು ಗಿಡವನ್ನು ಗೀರಿ ಹಾಲು ಬರುತ್ತದೆಯೇ ಎಂದು ನೋಡುವವರಿದ್ದಾರೆ. ಹಾಗೆ ಮಾಡಬೇಡಿ. ಚದುರಗಳ್ಳಿಯ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಮುಳ್ಳಿನ ಬುಡ ನೋಡಿದರೆ ಸಾಕು. ಕ್ಯಾಕ್ಟಸ್‌ನ ಮುಳ್ಳುಗಳು ಗೊಂಚಲಾಗಿ, ಅರಳೆ ಅಂಟಿಸಿದಂತಿರುವ ಒಂದು ಪುಟ್ಟ ದಿಂಬಿನಿಂದ ಹೊರಡುತ್ತವೆ. ಹೂವೂ ಕವಲೂ ಹುಟ್ಟುವುದು ಅಲ್ಲಿಂದಲೇ. ಚದುರಗಳ್ಳಿಗೆ ಆ ಅರಳೆಯ ದಿಂಬಿಲ್ಲ, ಮುಳ್ಳು ಜೋಡಿ ಜೋಡಿ. ಅದರ ಹಳದಿ ಹೂ ಕಾಳಿನಷ್ಟು ಚಿಕ್ಕದು. ಸೀರಿಯಸ್‌ನ ಬಿಳಿ ಹೂ ಅಂಗೈಯಗಲ, ರಾತ್ರಿ ಅರಳಿ ಬಿಸಿಲೇರುವ ಹೊತ್ತಿಗೆ ಬಾಡುತ್ತದೆ.

ಹೂ ಬಿಟ್ಟರೂ ಹಣ್ಣಾಗುವುದಿಲ್ಲ ಎಂಬ ದೂರು ಸಾಮಾನ್ಯ. ಸೀರಿಯಸ್‌ಗೆ ತನ್ನದೇ ಪರಾಗ ಒಗ್ಗುವುದಿಲ್ಲ. ಒಂದೇ ತಾಯಿಗಿಡದ ತುಂಡುಗಳನ್ನು ಊರೆಲ್ಲ ನೆಟ್ಟರೂ ಅವೆಲ್ಲ ಒಂದೇ ಗಿಡದ ಲೆಕ್ಕ. ಬೇರೆ ಮೂಲದ ಗಿಡ ಹತ್ತಿರವಿದ್ದರೆ ಮಾತ್ರ ಕಪ್ಪು ಬೀಜ ತುಂಬಿದ ಹಣ್ಣು ಸಿಗುತ್ತದೆ. ಅದು ಸಿಗುವತನಕ ಕೈ ಪಳಗಿಸಿಕೊಳ್ಳಲು ಡ್ರ್ಯಾಗನ್ ಹಣ್ಣು ಒಳ್ಳೆಯದು. ಅದು ಕಂಬವಲ್ಲ, ಹಬ್ಬುವ ಜಾತಿ, ಆದರೆ ಇದೇ ಬಳಗದ್ದು.

ತಿರುಳನ್ನು ಬಟ್ಟೆಯಲ್ಲಿ ಕಿವುಚಿ ತೊಳೆದು, ಬೀಜವನ್ನು ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟಿಡಿ. ಶಿವರಾತ್ರಿಗೆ ಚಳಿ ಹೋದ ಮೇಲೆ ಬಿತ್ತಿ. ಕೃಷ್ಣಾ ದಂಡೆಯ ಎರೆ ಮಣ್ಣು ಕಬ್ಬಿಗೆ ಬಂಗಾರವಾದರೂ ಕಳ್ಳಿ ಸಸಿಗೆ ಕೊಳೆರೋಗ ತರುತ್ತದೆ, ನೀರು ಹಿಡಿದಿಟ್ಟುಕೊಳ್ಳುತ್ತದೆ. ಜರಡಿ ಹಿಡಿದ ಗರಸು ಎರಡು ಪಾಲು, ತೊಳೆದ ಉಸುಕು ಒಂದು ಪಾಲು, ಹಳೆಯ ಗೊಬ್ಬರ ಒಂದು ಹಿಡಿ ಇರಲಿ. ಬೀಜದ ಮೇಲೆ ಮಣ್ಣು ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ತಳದಿಂದ ನೆನೆಸಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ನೆರಳಲ್ಲಿಡಿ.

ಒಂದೆರಡು ವಾರದಲ್ಲಿ ಮೊಳಕೆ ಬರುತ್ತದೆ. ಆಗ ಬಗ್ಗಿ ನೋಡಿ. ಎರಡು ದಪ್ಪ ಎಲೆಗಳ ನಡುವೆ ಬೂದು ಕೂದಲಿನಂಥ ಎಳೆ ಮುಳ್ಳು ಇಣುಕುತ್ತಿರುತ್ತದೆ. ಮುಳ್ಳು ಕಂಡ ಮೇಲೆ ಹಾಳೆಯನ್ನು ದಿನಕ್ಕಷ್ಟು ಸಡಿಲಿಸಿ. ಅವಸರ ಇಲ್ಲಿ ನಡೆಯದು: ಅಮೆರಿಕದ ಅರಿಜೋನಾದ ಸಗ್ವಾರೋ ಎಂಬ ದೈತ್ಯ ಕಂಬಗಳ್ಳಿ ಮೊದಲ 8 ವರ್ಷದಲ್ಲಿ ಬೆಳೆಯುವುದು ಒಂದೂವರೆ ಅಂಗುಲದಷ್ಟೇ. ನಮ್ಮ ಸೀರಿಯಸ್ ಅದಕ್ಕಿಂತ ಎಷ್ಟೋ ಚುರುಕು.

ಮಿರಗ ಕೂಡುವ ಮುಂಚೆ ಸಸಿಗಳನ್ನು ಸೂರಿನಡಿಗೆ ಸರಿಸಿ. ಮೊದಲ ಮಳೆಗಾಲದಲ್ಲಿ ನೆನೆಯದ ಸಸಿ ಉಳಿಯುತ್ತದೆ. ಈ ಸಲ ಡ್ರ್ಯಾಗನ್ ಹಣ್ಣು ಹೆಚ್ಚಿದಾಗ ಒಂದು ಚಮಚ ತಿರುಳನ್ನು ಬೀಜಕ್ಕೆಂದು ಎತ್ತಿಡಿ.