ಸಣ್ಣ ಪಂದ್ಯ ತಂಡವೊಂದರ ಏಳ್ಗೆಯೂ ಸಾರಥಿಯ ದೇಹಪಾಡೂ

ಗ್ರಾಂಟ್ ರೋಡ್ ಸ್ಟೇಷನ್ನಿನ ಹೊರಗೆ ಸಾಲುಗಟ್ಟಿ ನಿಲ್ಲುತ್ತಿದ್ದ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳನ್ನು ನೆನೆಯದವರು ನಮ್ಮಲ್ಲಿ ವಿರಳ. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಹುಟ್ಟಿ ಈ ನಗರದ ಬೀದಿಗಳಲ್ಲಿಯೇ ಮುಪ್ಪಾದ ಆ ವಾಹನಗಳಿಗೆ, ಇಪ್ಪತ್ತು ವರ್ಷ ಮೀರಿದ ಟ್ಯಾಕ್ಸಿ ಓಡಕೂಡದೆಂಬ ನಿಯಮದಂತೆ, 2023ರ ಅಕ್ಟೋಬರ್ ಕೊನೆಗೆ ಬೀಳ್ಕೊಡುಗೆ ಆಯಿತು. ಹಾಲಿನ ಕ್ಯಾನು, ಹಾಸಿಗೆ ಸುರುಳಿ, ಊರಿನಿಂದ ಬಂದ ಅತ್ತೆ-ಮಾವ ಎಲ್ಲವನ್ನೂ ಹೊತ್ತ ಈ ಸಾಧು ಪ್ರಾಣಿ ಪಂದ್ಯದ ಕುದುರೆಯೂ ಆಗಿತ್ತೆಂದರೆ ನಂಬುವುದು ಕಷ್ಟ. ಮದರಾಸಿನ ಬಳಿಯ ಷೋಲಾವರದಲ್ಲಿ, ಎರಡನೆಯ ಮಹಾಯುದ್ಧ ಕಾಲದ ವಿಮಾನ ಇಳಿದಾಣದ ಮೇಲೆ, ಇಂತಹ ಕಾರುಗಳ ಹಿಂದಿನ ಸೀಟು ಕಿತ್ತು, ಎಂಜಿನ್ನನ್ನು ತಿದ್ದಿ ತೀಡಿ ಓಡಿಸುತ್ತಿದ್ದರು.

ಅಂಗಡಿಯಲ್ಲಿ ಮಾರುವ ಕಾರನ್ನೇ ಪಂದ್ಯಕ್ಕಿಳಿಸುವ ಈ ಪದ್ಧತಿಯೇ ಅಮೆರಿಕೆಯಲ್ಲಿ ‘ಸ್ಟಾಕ್ ಕಾರ್’ ಪಂದ್ಯವೆನಿಸಿತು. ಸ್ಟಾಕ್ ಎಂದರೆ ವ್ಯಾಪಾರಿಯ ಬಳಿ ದಾಸ್ತಾನಿನಲ್ಲಿ ಇರುವಂಥದು. 1948ರಲ್ಲಿ ಬಿಲ್ ಫ್ರಾನ್ಸ್ ಎಂಬವನು ಡೇಟೋನಾದಲ್ಲಿ ನಾಸ್ಕಾರ್ ಎಂಬ ಸಂಸ್ಥೆಯನ್ನು ಕಟ್ಟಿದನು. ಮರುವರ್ಷವೇ ಮಾರುಕಟ್ಟೆಯ ಕಾರುಗಳ ಪಂದ್ಯಗಳು ಆರಂಭವಾದವು. ಈಗ ಅಲ್ಲಿ ಓಡುವ ಕಾರಿನಲ್ಲಿ ದಾಸ್ತಾನಿನದು ಎನ್ನಲು ಉಳಿದಿರುವುದು ಮೂತಿಯ ಹೋಲಿಕೆ ಮಾತ್ರ. ಒಳಗಿರುವುದೆಲ್ಲ ಉಕ್ಕಿನ ಪಂಜರ.

ಆರೋಗ್ಯದ ಲೇಖನಗಳಿರುವ ಸಂಚಿಕೆಯಲ್ಲಿ ಕಾರುಪಂದ್ಯಕ್ಕೇನು ಕೆಲಸ ಎಂದು ಓದುಗರು ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆಯಿರಲಿ, ಆ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಕನ್ನಡನಾಡಿನ ನಂಟುಳ್ಳ ಒಂದು ಸಣ್ಣ ತಂಡದ ಕಥೆಯನ್ನು ಹೇಳಬೇಕಾಗಿದೆ. ಅದು ಸ್ಟಾಕ್ ಕಾರಿನದಲ್ಲ, ಫಾರ್ಮುಲಾ ಒನ್ ಎಂಬ, ಮೇಲೆ ಮುಚ್ಚಿಗೆಯಿಲ್ಲದ ಒಂಟಿ ಸೀಟಿನ ಕಾರಿನದು. ಆದರೆ ಸಣ್ಣವರು ದೊಡ್ಡವರ ನಡುವೆ ತಲೆಯೆತ್ತುವ ಬಗೆ ಎರಡರಲ್ಲಿಯೂ ಒಂದೇ.

ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಪಂದ್ಯಪಥದ ಎದುರಿಗೆ ಎಡ್ಡಿ ಜಾರ್ಡನ್ ಎಂಬ ಐರಿಷ್ ಗೃಹಸ್ಥನ ಕಾರ್ಯಾಗಾರವಿತ್ತು. ಅವನ ತಂಡವು 1991ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿ, 1998ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಮೊದಲ ಪಂದ್ಯವನ್ನು ಗೆದ್ದಿತು. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಸಾರಥಿ, ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಓಡಿಸಿದ್ದು ಇದೇ ತಂಡದ ಕಾರನ್ನು. ಆ ವೇಳೆಗೆ ತಂಡ ಸೊರಗಿತ್ತು. ಮಿಡ್‌ಲ್ಯಾಂಡ್ ಎಂದು ಒಂದು ವರ್ಷ, ಸ್ಪೈಕರ್ ಎಂದು ಇನ್ನೊಂದು ವರ್ಷ, ಹೀಗೆ ಕೈಯಿಂದ ಕೈಗೆ ದಾಟಿತು. 2007ರಲ್ಲಿ ಬೆಂಗಳೂರಿನ ವಿಜಯ ಮಲ್ಯರು, ಬಂಟ್ವಾಳ ಮೂಲದ ವಿಠ್ಠಲ ಮಲ್ಯರ ಪುತ್ರರು, ಡಚ್ ಪಾಲುದಾರರೊಡನೆ 8 ಕೋಟಿ 80 ಲಕ್ಷ ಯೂರೋ ತೆತ್ತು ಇದನ್ನು ಕೊಂಡು ‘ಫೋರ್ಸ್ ಇಂಡಿಯಾ’ ಎಂದು ನಾಮಕರಣ ಮಾಡಿದರು.

ಮೊದಲ ವರ್ಷ, 2008ರಲ್ಲಿ, ಗಳಿಸಿದ ಅಂಕ ಸೊನ್ನೆ. ಮೊನಾಕೋದ ಮಳೆಯಲ್ಲಿ ಏಡ್ರಿಯನ್ ಸುಟಿಲ್ ನಾಲ್ಕನೆಯವನಾಗಿ ಓಡುತ್ತಿದ್ದಾಗ, ಪಂದ್ಯ ಮುಗಿಯಲು ಕೆಲವೇ ಸುತ್ತುಗಳಿದ್ದವು. ಆಗ ಹಿಂದಿನಿಂದ ಬಂದ ಫೆರಾರಿಯ ಕಿಮಿ ರೈಕ್ಕೊನೆನ್ ಹಿಡಿತ ತಪ್ಪಿ ಅವನಿಗೆ ಗುದ್ದಿದನು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 2009ರಲ್ಲಿ ತಂಡವು ಮರ್ಸಿಡಿಸ್ ಎಂಜಿನ್ನನ್ನೂ ಮೆಕ್‌ಲಾರೆನ್ನಿನ ಗೇರ್ ಪೆಟ್ಟಿಗೆಯನ್ನೂ ಕೊಂಡುಕೊಂಡಿತು. ಆ ಆಗಸ್ಟಿನಲ್ಲಿ, ಅದೇ ಸ್ಪಾದಲ್ಲಿ, ಜಾಂಕಾರ್ಲೊ ಫಿಸಿಕೆಲ್ಲಾ ಎಲ್ಲರಿಗಿಂತ ಮುಂದೆ, ಮೊದಲ ಸ್ಥಾನದಿಂದ ಓಟವನ್ನು ಆರಂಭಿಸಿದನು. ತಂಡಕ್ಕೆ ಅದು ಮೂವತ್ತನೆಯ ಪಂದ್ಯ. ಅಲ್ಲಿಯವರೆಗೆ ಒಂದಂಕವೂ ಇಲ್ಲ! ಅದೇ ರೈಕ್ಕೊನೆನ್ ಬ್ರೇಕಿನ ಶಕ್ತಿಯನ್ನು ಕೂಡಿಟ್ಟು ಮರಳಿ ಬಳಸುವ ಸಲಕರಣೆಯ ಬಲದಿಂದ ಅವನನ್ನು ದಾಟಿ ಹೋದನು. ಫೋರ್ಸ್ ಇಂಡಿಯಾದ ಕಾರಿನಲ್ಲಿ ಆ ಸಲಕರಣೆ ಇರಲಿಲ್ಲ. ಆದರೂ ಫಿಸಿಕೆಲ್ಲಾ ಬೆನ್ನು ಬಿಡದೆ, ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಎರಡನೆಯವನಾಗಿ ಮುಗಿಸಿದನು. ಫೆರಾರಿಯವರು ಅವನನ್ನೇ ಮುಂದಿನ ಪಂದ್ಯಕ್ಕೆ ಕರೆಸಿಕೊಂಡರು. ಸಣ್ಣ ತಂಡದಲ್ಲಿ ಯಾರಾದರೂ ಮಿಂಚಿದರೆ ದೊಡ್ಡ ಮನೆಯವರು ಎತ್ತಿಕೊಂಡು ಹೋಗುವುದು ಅಲ್ಲಿಯ ಸಂಪ್ರದಾಯ.

ಅನಂತರದ ಏರಿಕೆ ನಿಧಾನವಾದುದು. 2009ರಲ್ಲಿ ಒಂಬತ್ತನೆಯ ಸ್ಥಾನ, 2010ರಲ್ಲಿ ಏಳು, 2011ರಲ್ಲಿ ಆರು, 2015ರಲ್ಲಿ ಐದು. 2016 ಮತ್ತು 2017ರಲ್ಲಿ ನಾಲ್ಕು. (2009ರ 13 ಅಂಕಗಳು 2010ರಲ್ಲಿ 68 ಆದುದನ್ನು ಕಂಡು ಐದು ಪಟ್ಟು ಪ್ರಗತಿಯೆಂದು ಹಿಗ್ಗಬಾರದು, ಆ ವರ್ಷ ಗೆದ್ದವನಿಗೆ 10ರ ಬದಲು 25 ಅಂಕ ಕೊಡುವ ಹೊಸ ಪದ್ಧತಿ ಬಂದಿತು.) ಕೊನೆಯ ಎರಡು ವರ್ಷ ಅವರಿಗಿಂತ ಮುಂದಿದ್ದವರು ಮರ್ಸಿಡಿಸ್, ಫೆರಾರಿ, ರೆಡ್ ಬುಲ್ ಮೂವರೇ. ಅವರಲ್ಲಿ ಒಂದೊಂದು ತಂಡದ ಸಿಬ್ಬಂದಿ ಇವರ ನಾನೂರು ಜನರ ಎರಡು ಪಟ್ಟಿಗೆ ಹತ್ತಿರ.

ಇದು ಹೇಗೆ ಸಾಧ್ಯವಾಯಿತು? ತಾನು ಮಾಡಲಾರದ್ದನ್ನು ನಾಚಿಕೆಯಿಲ್ಲದೆ ಕೊಂಡುಕೊಳ್ಳುವುದು, ಮಾಡಬಲ್ಲುದನ್ನು ಇತರರಿಗಿಂತ ಚೆನ್ನಾಗಿ ಮಾಡುವುದು, ಇದೇ ಗುಟ್ಟು. ಎಂಜಿನ್ನೂ ಗೇರ್ ಪೆಟ್ಟಿಗೆಯೂ ಹೊರಗಿನವು. ಗಾಳಿಯ ಒತ್ತಡವನ್ನು ಪರೀಕ್ಷಿಸುವ ಸುರಂಗಕ್ಕಾಗಿ ಸ್ವಂತ ಕೋಟೆಯನ್ನು ಕಟ್ಟದೆ, 2015ರಿಂದ ಜರ್ಮನಿಯ ಕಲೋನಿನಲ್ಲಿದ್ದ ಟೊಯೋಟಾದ ಸುರಂಗವನ್ನು ಬಾಡಿಗೆಗೆ ಹಿಡಿದರು. ಟೈರುಗಳನ್ನು ಸವೆಯಿಸದೆ ದೂರ ಎಳೆಯುವ ಸೆರ್ಜಿಯೊ ಪೆರೆಜ್ ಎಂಬ ಮೆಕ್ಸಿಕೋದ ಸಾರಥಿ, ಇತರರು ಎರಡು ಸಲ ನಿಂತಲ್ಲಿ ಒಂದೇ ಸಲ ನಿಂತು ಮೂರನೆಯ ಸ್ಥಾನಗಳನ್ನು ಕಸಿಯುತ್ತಿದ್ದನು. ನಮ್ಮ ಗಲ್ಲಿಯ ಖಾನಾವಳಿಯವನು ಹಿಟ್ಟು ರುಬ್ಬುವುದನ್ನು ಹೊರಗೆ ಕೊಟ್ಟು ಸಾಂಬಾರನ್ನು ಮಾತ್ರ ತಾನೇ ಮಾಡಿ ಹೆಸರು ಗಳಿಸಿದ ಹಾಗೆ.

ಅಮೆರಿಕೆಯ ಸ್ಟಾಕ್ ಕಾರ್ ಲೋಕದಲ್ಲಿಯೂ ಇದೇ ರೀತಿಯ ಉದಾಹರಣೆಯಿದೆ. ಅಲ್ಲಿಯ ತಂಡಗಳೆಲ್ಲ ನಾರ್ತ್ ಕ್ಯಾರೊಲಿನಾದಲ್ಲಿ ಗುಂಪುಗೂಡಿರುವಾಗ, ಬಾರ್ನಿ ವಿಸ್ಸರ್ ಎಂಬ ಪೀಠೋಪಕರಣ ವ್ಯಾಪಾರಿ ಎಷ್ಟೋ ದೂರದ ಡೆನ್ವರಿನಲ್ಲಿ 2005ರಲ್ಲಿ ಒಂದು ತಂಡವನ್ನು ಹೂಡಿದನು. ದೊಡ್ಡ ತಂಡವೊಂದರಿಂದ ಕಾರಿನ ಚೌಕಟ್ಟುಗಳನ್ನು ಕೊಂಡು, ಮಾರ್ಟಿನ್ ಟ್ರೂಎಕ್ಸ್‌ನ ಸಾರಥ್ಯದಲ್ಲಿ, 2017ರಲ್ಲಿ ಇಡೀ ನಾಸ್ಕಾರಿನ ಚಾಂಪಿಯನ್ ಪಟ್ಟವನ್ನೇ ಗೆದ್ದನು. ಆದರೆ ನಿರ್ಣಾಯಕ ಪಂದ್ಯದ ದಿನ ವಿಸ್ಸರ್ ಮೈದಾನದಲ್ಲಿರಲಿಲ್ಲ. ಅದೇ ತಿಂಗಳ ಮೊದಲ ವಾರ ಹೃದಯಾಘಾತವಾಗಿ, ಬೈಪಾಸ್ ಶಸ್ತ್ರಚಿಕಿತ್ಸೆಯಾಗಿ, ಮನೆಯಲ್ಲಿ ಚೇತರಿಸಿಕೊಳ್ಳುತ್ತಿದ್ದನು. ಮರುವರ್ಷ ಪ್ರಾಯೋಜಕರು ಹಿಂದೆ ಸರಿದರು, ದೊಡ್ಡ ತಂಡದ ನೆರವಿನ ಬೆಲೆ ಏರಿತು; 2018ರ ಕೊನೆಗೆ ತಂಡ ಬಾಗಿಲು ಹಾಕಿತು.

ಈಗ ದೇಹದ ವಿಷಯ. ಕೂತು ಓಡಿಸುವುದು ಶ್ರಮವೇ ಎಂದು ಕೇಳುವವರುಂಟು. ಪಂದ್ಯದ ಸಾರಥಿಯ ಹೃದಯ ಸುಮಾರು ಒಂದೂವರೆ ಗಂಟೆ ಕಾಲ ನಿಮಿಷಕ್ಕೆ 150ರಿಂದ 170 ಸಲ ಬಡಿಯುತ್ತಿರುತ್ತದೆ. ತಿರುವಿನಲ್ಲಿಯೂ ಬ್ರೇಕ್ ಒತ್ತುವಾಗಲೂ ಅವನ ತೂಕ ಐದು ಪಟ್ಟಾದಂತೆ ಭಾಸವಾಗುತ್ತದೆ. ತಲೆಯೂ ಶಿರಸ್ತ್ರಾಣವೂ ಸೇರಿ ಆರೇಳು ಕಿಲೋ ಎಂದರೆ, ಕುತ್ತಿಗೆಯು ಮೂವತ್ತು ಕಿಲೋಗೂ ಮೀರಿದ ಸೆಳೆತವನ್ನು ಸುತ್ತು ಸುತ್ತಿಗೂ ತಡೆಯಬೇಕು. ಬೆಂಕಿ ತಾಗದ ದಪ್ಪ ಉಡುಪು ಮೈಮೇಲೆ. ಸೆಕೆಯ ಊರುಗಳಲ್ಲಿ ಒಂದೇ ಪಂದ್ಯದಲ್ಲಿ ಎರಡು-ಮೂರು ಕಿಲೋ ತೂಕ ಬೆವರಾಗಿ ಇಳಿಯುತ್ತದೆ. ಮುಚ್ಚಿಗೆಯುಳ್ಳ ಸ್ಟಾಕ್ ಕಾರಿನ ಒಳಗಂತೂ ಉಷ್ಣತೆ 50 ಡಿಗ್ರಿಯನ್ನು ದಾಟುತ್ತದೆ.

ದೇಹದ ತೂಕದ ನೂರಕ್ಕೆ ಎರಡು ಪಾಲು ನೀರು ನಷ್ಟವಾದರೆ ಗಮನ ಮಂದವಾಗತೊಡಗುತ್ತದೆ, ಹೃದಯ ಇನ್ನೂ ವೇಗವಾಗಿ ಬಡಿಯಬೇಕಾಗುತ್ತದೆ. ಅರುವತ್ತು ಕಿಲೋ ತೂಕದವನಿಗೆ ಇದು ಒಂದು ಲೀಟರಿಗಿಂತ ತುಸು ಹೆಚ್ಚು. ಈ ಲೆಕ್ಕವು ಪಂದ್ಯದ ಸಾರಥಿಗಷ್ಟೇ ಅಲ್ಲ. ಮೇ ತಿಂಗಳಿನಲ್ಲಿ ದೋಸೆ ಕಾವಲಿಯ ಮುಂದೆ ಆರು ಗಂಟೆ ನಿಲ್ಲುವ ನಮ್ಮ ಹೊಟೇಲಿನ ಭಟ್ಟರಿಗೂ, ಮಧ್ಯಾಹ್ನದ ಬಿಸಿಲಿನಲ್ಲಿ ಲ್ಯಾಮಿಂಗ್ಟನ್ ರಸ್ತೆಯ ವಾಹನಸಂದಣಿಯಲ್ಲಿ ಸಿಲುಕುವ ಟ್ಯಾಕ್ಸಿಯವನಿಗೂ ಅನ್ವಯಿಸುತ್ತದೆ. ಮೂತ್ರ ಗಾಢ ಹಳದಿಯಾದರೆ ನೀರು ಸಾಲದೆಂದು ತಿಳಿಯಬೇಕು. ಬಾಯಾರುವುದನ್ನು ಕಾಯದೆ ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತಿರಬೇಕು. ಬಹಳ ಬೆವರಿದವರಿಗೆ ಉಪ್ಪು ಬೆರೆತ ನೀರುಮಜ್ಜಿಗೆ ಒಳ್ಳೆಯದು. ರಕ್ತದೊತ್ತಡ, ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ಉಪ್ಪಿನ ವಿಷಯದಲ್ಲಿ ವೈದ್ಯರನ್ನು ಕೇಳತಕ್ಕದ್ದು. ಮಾತು ತೊದಲಿ, ದಿಕ್ಕು ತೋಚದೆ, ಮೈ ಸುಡತೊಡಗಿದರೆ ಅದು ಶಾಖಾಘಾತ. ತಣ್ಣೀರು ಸುರಿಯುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಅದೇ ಕಾರ್ಬನ್ ಮೊನಾಕ್ಸೈಡ್ ಅನಿಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಆಸೆಯಿಂದ ಇದನ್ನು ಅಪ್ಪಿಕೊಳ್ಳುತ್ತದೆ. ರಿಕ್ ಮಾಸ್ಟ್ ಎಂಬ ನಾಸ್ಕಾರ್ ಸಾರಥಿಯು 2002ರಲ್ಲಿ ಇದರಿಂದಲೇ ಕಾಯಿಲೆ ಬಿದ್ದು ಪಂದ್ಯವನ್ನು ತೊರೆಯಬೇಕಾಯಿತು. ಮಳೆಗಾಲದಲ್ಲಿ ಗ್ಯಾರೇಜಿನ ಶಟರ್ ಎಳೆದುಕೊಂಡು ಒಳಗೆ ಎಂಜಿನ್ ಓಡಿಸುವ ಹುಡುಗರು ತಲೆನೋವು, ಓಕರಿಕೆಗಳನ್ನು ಹಸಿವೆಂದು ತಿಳಿದು ಚಹಾ ಕುಡಿದು ಸುಮ್ಮನಾಗುತ್ತಾರೆ. ಶಟರ್ ಎತ್ತಿ ಹೊರಗೆ ಬರುವುದೇ ಮೊದಲ ಚಿಕಿತ್ಸೆ.

ಕುತ್ತಿಗೆಯ ಮಾತಿಗೆ ಮರಳೋಣ. 2001ರ ಫೆಬ್ರವರಿ 18ರಂದು ಡೇಟೋನಾದ ಕೊನೆಯ ಸುತ್ತಿನಲ್ಲಿ ಡೇಲ್ ಅರ್ನ್‌ಹಾರ್ಟ್ ಎಂಬ ಮಹಾಸಾರಥಿಯ ಕಾರು ಗೋಡೆಗೆ ಬಡಿಯಿತು. ನೋಡಿದವರಿಗೆ ಅಂಥ ಘೋರವೆನಿಸದ ಅಪಘಾತ. ಆದರೆ ಆತ ಬದುಕಲಿಲ್ಲ. ಪಟ್ಟಿಗಳು ಮುಂಡವನ್ನು ಹಿಡಿದಿಟ್ಟವು, ತಲೆ ಮಾತ್ರ ಮುಂದಕ್ಕೆ ಧಾವಿಸಿತು, ತಲೆಬುರುಡೆಯ ತಳಭಾಗ ಮುರಿಯಿತು. ಇದನ್ನು ತಡೆಯುವ ಸಾಧನವನ್ನು ಮಿಷಿಗನ್ನಿನ ಪ್ರಾಧ್ಯಾಪಕ ರಾಬರ್ಟ್ ಹಬ್ಬರ್ಡ್ 1980ರ ದಶಕದಲ್ಲಿಯೇ ರೂಪಿಸಿದ್ದನು. ಹೆಗಲ ಮೇಲೆ ಕೂರುವ ಗಟ್ಟಿ ಕೊರಳಪಟ್ಟಿ. ಅದರಿಂದ ಶಿರಸ್ತ್ರಾಣಕ್ಕೆ ಎರಡು ಪಟ್ಟಿಗಳು. ಬಹುಮಂದಿ ಸಾರಥಿಗಳು ಅದು ಅಡ್ಡಿಯೆಂದು ಧರಿಸುತ್ತಿರಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ನಾಸ್ಕಾರ್ ಇಂತಹ ಸಾಧನವನ್ನು ಕಡ್ಡಾಯ ಮಾಡಿತು; 2003ರಲ್ಲಿ ಫಾರ್ಮುಲಾ ಒನ್ ಕೂಡ. ಹಿಂದಿನ ಸೀಟಿನಲ್ಲಿ ಪಟ್ಟಿ ಕಟ್ಟಿಕೊಳ್ಳಲು ನಗುವ ನಮ್ಮ ಮಂದಿ ಇದನ್ನು ಓದಲೆಂದೇ ಇಷ್ಟು ವಿವರಿಸಿದೆ.

ಫೋರ್ಸ್ ಇಂಡಿಯಾದ ದೇಹವೂ ಕೊನೆಗೆ ಬಳಲಿತು. 2011ರಲ್ಲಿ ಸಹಾರಾ ಸಂಸ್ಥೆ 10 ಕೋಟಿ ಡಾಲರ್ ಹೂಡಿ ಪಾಲುದಾರನಾಯಿತು. ಅದೇ ವರ್ಷ ಗ್ರೇಟರ್ ನೊಯಿಡಾದಲ್ಲಿ ಭಾರತದ ಮೊದಲ ಗ್ರ್ಯಾಂಡ್ ಪ್ರಿ ನಡೆದು, ಸುಟಿಲ್ ಒಂಬತ್ತನೆಯವನಾದನು. ಆದರೆ 2012ರ ಅಕ್ಟೋಬರಿನಲ್ಲಿ ಮಲ್ಯರ ಕಿಂಗ್‌ಫಿಷರ್ ವಿಮಾನಗಳು ನೆಲಕ್ಕಿಳಿದವು. ಎಷ್ಟೋ ತಿಂಗಳ ಸಂಬಳ ಬಾಕಿಯಿದ್ದ ನೌಕರರು ಬೀದಿಯಲ್ಲಿ ನಿಂತಿದ್ದಾಗ, ಅದೇ ತಿಂಗಳ ಕೊನೆಗೆ ನೊಯಿಡಾದಲ್ಲಿ ತಂಡದ ಕಾರುಗಳು ಓಡಿದವು. ತಂಡದ ಸಾಧನೆಯನ್ನು ಮೆಚ್ಚುವಾಗ ನನಗೆ ಈ ಎರಡು ಚಿತ್ರಗಳನ್ನು ಬೇರ್ಪಡಿಸಲಾಗುವುದಿಲ್ಲ. 2014ರಲ್ಲಿ ಸಹಾರಾದ ಸುಬ್ರತ ರಾಯ್ ಸೆರೆಮನೆ ಸೇರಿದರು. 2016ರಲ್ಲಿ ಮಲ್ಯರು ದೇಶ ಬಿಟ್ಟರು. 2019ರ ಜನವರಿಯಲ್ಲಿ ಮುಂಬಯಿಯ ವಿಶೇಷ ನ್ಯಾಯಾಲಯ ಅವರನ್ನು ಪರಾರಿಯಾದ ಆರ್ಥಿಕ ಅಪರಾಧಿಯೆಂದು ಘೋಷಿಸಿತು. ಆಶ್ಚರ್ಯವೆಂದರೆ ಮಾಲೀಕರ ಬದುಕು ಇಳಿಯುತ್ತಿದ್ದ ವರ್ಷಗಳೇ ತಂಡದ ಏರುವರ್ಷಗಳು. ಸಿಲ್ವರ್‌ಸ್ಟೋನಿನ ಕೆಲಸಗಾರರು ತಮ್ಮ ಪಾಡಿಗೆ ದುಡಿಯುತ್ತಲೇ ಇದ್ದರು.

ಹೆಸರಿನಲ್ಲಿ ಇಂಡಿಯಾ ಇದ್ದರೂ ಈ ತಂಡದ ಕಾರನ್ನು ಒಬ್ಬ ಭಾರತೀಯನೂ ಪಂದ್ಯದಲ್ಲಿ ಓಡಿಸಲಿಲ್ಲವೆಂಬ ಕೊರಗು ಉಳಿಯಿತು. 2011ರಲ್ಲಿ ಎಳೆಯ ಸಾರಥಿಗಳಿಗಾಗಿ ದೇಶಾದ್ಯಂತ ಶೋಧ ನಡೆಸಿದ್ದು ನಿಜ. ಆಯ್ಕೆಯಾದವರಲ್ಲಿ ಬೆಂಗಳೂರಿನ ಅರ್ಜುನ್ ಮೈನಿಯೂ ನಮ್ಮ ಮುಂಬಯಿಯ ಜೆಹಾನ್ ದಾರುವಾಲಾನೂ ಇದ್ದರು. ಇಬ್ಬರೂ ಮುಂದೆ ಫಾರ್ಮುಲಾ ಟೂ ತನಕ ಏರಿದರು.

2018ರ ಜುಲೈ 27ರಂದು ತಂಡವು ಸಾಲಗಾರರ ಆಡಳಿತಕ್ಕೆ ಹೋಯಿತು. ಅದಕ್ಕೆ ನ್ಯಾಯಾಲಯದ ಮೆಟ್ಟಿಲೇರಿದವನು ಸಂಬಳ ಬಾಕಿಯಿದ್ದ ಸಾರಥಿ ಪೆರೆಜ್. ತಂಡ ಮುಚ್ಚಿಹೋಗುವುದನ್ನು ತಡೆಯಲು, ಒಳಗಿನವರೇ ಕೇಳಿಕೊಂಡದ್ದರಿಂದ ಹಾಗೆ ಮಾಡಿದೆನೆಂದು ಅವನು ಹೇಳಿದನು. ಕೆನಡಾದ ಲಾರೆನ್ಸ್ ಸ್ಟ್ರೋಲ್ ನೇತೃತ್ವದ ಗುಂಪು ತಂಡವನ್ನು ಕೊಂಡಿತು; 405 ಜನರ ಕೆಲಸ ಉಳಿಯಿತು. ಅದುವರೆಗೆ ಗಳಿಸಿದ್ದ 59 ಅಂಕಗಳು ಅಳಿಸಿಹೋದವು. ಸೊನ್ನೆಯಿಂದ ಮತ್ತೆ ಆರಂಭ, ಅದೂ ಸ್ಪಾದಲ್ಲಿಯೇ. ಅಲ್ಲಿ ಎಸ್ಟೆಬಾನ್ ಓಕಾನ್ ಮೂರನೆಯ, ಪೆರೆಜ್ ನಾಲ್ಕನೆಯ ಸ್ಥಾನದಿಂದ ಹೊರಟು, ಪೆರೆಜ್ ಐದನೆಯವನಾಗಿ, ಓಕಾನ್ ಆರನೆಯವನಾಗಿ ಮುಗಿಸಿದರು. 2020ರ ಡಿಸೆಂಬರಿನಲ್ಲಿ ಬಹರೇನಿನಲ್ಲಿ, ಮೊದಲ ಸುತ್ತಿನಲ್ಲಿಯೇ ಪೆಟ್ಟು ತಿಂದು ಎಲ್ಲರಿಗಿಂತ ಹಿಂದೆ ಬಿದ್ದಿದ್ದ ಪೆರೆಜ್ ಪಂದ್ಯವನ್ನು ಗೆದ್ದಾಗ, ಕಾರಿನ ಬಣ್ಣ ಅದೇ ಗುಲಾಬಿ, ಕಾರ್ಯಾಗಾರವೂ ಅದೇ. ಹೆಸರು ಮಾತ್ರ ಆಗಲೇ ರೇಸಿಂಗ್ ಪಾಯಿಂಟ್ ಎಂದಾಗಿತ್ತು.