ಸೆರಗು ತಿರುಗಿಸಿ ನೋಡಿ

ಮದುವೆ ಸೀಸನ್ ಬಂತು ಅಂದ್ರೆ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಯಾವ ಪ್ಯಾಟಿಗೆ ಹೋದ್ರೂ ಒಂದೇ ವಾದ. "ಅದೇ ಇಳಕಲ್ ಸೀರಿ ಆಚಿ ಅಂಗಡ್ಯಾಗ ಅರ್ಧ ರೇಟಿಗೆ ಕೊಡ್ತಾರ, ನೀವ್ಯಾಕ ಇಷ್ಟು ಹೇಳ್ತೀರಿ?"

ಪ್ರಶ್ನೆ ಸರಿಯಾಗಿದೆ. ಉತ್ತರ ಸೆರಗಿನಲ್ಲಿದೆ.

ಇಳಕಲ್ ನಮಗೆ ಪರಸ್ಥಳವೇನಲ್ಲ. ಮುದ್ದೇಬಿಹಾಳದಿಂದ ಕೃಷ್ಣೆ ದಾಟಿದರೆ ಹುನಗುಂದ, ಅದರ ಮುಂದೆ ಇಳಕಲ್. 1997ರಲ್ಲಿ ಬಾಗಲಕೋಟೆ ಬೇರೆ ಆಗುವವರೆಗೆ ಎಲ್ಲ ಒಂದೇ ವಿಜಾಪುರ ಜಿಲ್ಲೆ.

ನಾನು ಇಂಜಿನಿಯರಿಂಗ್ ಓದಿದವನು, ಹಾಗಾಗಿ ನನ್ನ ಕಣ್ಣು ಮೊದಲು ಹೋಗೋದು ಜಾಯಿಂಟ್ ಮೇಲೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ ಅಥವಾ ರೇಷ್ಮೆ. ಸೆರಗಿಗೆ ಮಾತ್ರ ಕೆಂಪು ರೇಷ್ಮೆ. ಈ ಎರಡು ಹಾಸುಗಳ ಸಾವಿರಾರು ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಆಮೇಲೇ ಕೆಂಪಿನ ಮೇಲೆ ಬಿಳಿಯ ಟೋಪ್ ತೆನಿ, ಅಂದರೆ ಕೋಟೆಯ ತೆನೆಯಂಥ ವಿನ್ಯಾಸ. ಪ್ರತಿ ಸೀರೆಗೂ ಹೊಸ ಹಾಸು, ಹೊಸ ಕೊಂಡಿ. ಮಗ್ಗಕ್ಕೆ ಮುಂಚಿನ ಈ ತಯಾರಿ ಬಹುಪಾಲು ಮನೆಯ ಹೆಣ್ಣುಮಕ್ಕಳ ದುಡಿಮೆ.

ಯಂತ್ರಮಗ್ಗದ ಲೆಕ್ಕ ಬೇರೆ. ಒಂದೇ ಹಾಸು ಮೀಟರ್‌ಗಟ್ಟಲೆ ಓಡಿದರೇ ಅದಕ್ಕೆ ಲಾಭ. ಸೀರೆಗೊಮ್ಮೆ ನಿಲ್ಲಿಸಿ ಕೊಂಡಿ ಹಾಕೋದು ಅದಕ್ಕೆ ನಷ್ಟ. ಅದಕ್ಕೇ ಮೊದಲು ಬಿಟ್ಟುಹೋಗೋದು ಕೊಂಡಿ.

ಪರೀಕ್ಷೆ ಸುಲಭ. ಸೆರಗು ತಿರುಗಿಸಿ, ಒಡಲು ಕೂಡುವ ಗೆರೆ ನೋಡಿ. ಹಾಸು, ಹೊಕ್ಕು ಎರಡೂ ಕೆಂಪಾದ್ದರಿಂದ ಅಸಲಿ ಸೆರಗಿನ ಕೆಂಪು ಗಟ್ಟಿಯಾಗಿರುತ್ತೆ. ಹಸಿರು ಒಡಲಿನ ಎಳೆ ಸೆರಗಿನೊಳಗೂ ಉದ್ದಕ್ಕೆ ಹೋಗಿದ್ದರೆ, ಅಲ್ಲಿ ಕೊಂಡಿ ಇಲ್ಲ.

ಇನ್ನು "ನೈಸರ್ಗಿಕ ಬಣ್ಣ" ಅನ್ನೋ ಮಾತು. ಹಿಂದೆ ನೀಲಿ ಗಿಡದ ಎಲೆಯಿಂದ ನೀಲಿ ತೆಗೀತಿದ್ರು. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕಾರ್ಖಾನೆ ನೀಲಿಯನ್ನು ಮಾರುಕಟ್ಟೆಗೆ ತಂದಮೇಲೆ ಆ ಬೇಸಾಯ ಕುಸಿಯಿತು. ಇವತ್ತು ಇಳಕಲ್ಲಿನಲ್ಲೂ ಬಹುತೇಕ ರಾಸಾಯನಿಕ ಬಣ್ಣವೇ. ಇಂಡಿ ಕಡೆ ಬೆಳೆಯುವ ದಾಳಿಂಬೆಯ ಸಿಪ್ಪೆಯನ್ನೇ ಕುದಿಸಿ, ಪಟಿಕ ಸೇರಿಸಿದರೆ ರೇಷ್ಮೆಗೆ ಒಳ್ಳೆ ಹಳದಿ ಹಿಡಿಯುತ್ತೆ. ಆದರೆ ಅದಕ್ಕೆ ಸಮಯ ಬೇಕು, ದರವೂ ಬೇಕು. ಸಿಲ್ಕ್ ಮಾರ್ಕ್ ರೇಷ್ಮೆ ಅಸಲಿ ಅನ್ನುತ್ತೆ. ಹ್ಯಾಂಡ್‌ಲೂಮ್ ಮಾರ್ಕ್ ಕೈಮಗ್ಗ ಅನ್ನುತ್ತೆ. ಬಣ್ಣ ಗಿಡದ್ದು ಅಂತ ಎರಡೂ ಹೇಳಲ್ಲ. ಅದನ್ನು ನೀವೇ ಕೇಳಬೇಕು.

ಇಳಕಲ್ ಸೀರೆಗೆ ಜಿಐ ಮಾನ್ಯತೆ ಇದೆ. ಕೈಮಗ್ಗಕ್ಕೆ ಕೆಲವು ಬಗೆಯ ಸೀರೆಗಳನ್ನು ಮೀಸಲಿಟ್ಟ 1985ರ ಕಾಯ್ದೆಯೂ ಇದೆ. ಆದರೆ ಅಂಗಡಿ ಕೌಂಟರ್ ಮುಂದೆ ಕಾಯ್ದೆ ಬಂದು ನಿಲ್ಲಲ್ಲ, ನಿಲ್ಲೋದು ನೀವು. ಅಗ್ಗದ ಸೀರೆ ಕೊಳ್ಳೋದು ನಿಮ್ಮ ಹಕ್ಕು, ಧಾರಾಳವಾಗಿ ಕೊಳ್ಳಿ. ಅದನ್ನು ಇಳಕಲ್ ಅಂತ ಹೇಳಿ ನಿಮಗೆ ಮಾರೋ ಹಕ್ಕು ಮಾತ್ರ ಯಾರಿಗೂ ಇಲ್ಲ.